ಹಣೆಪಟ್ಟಿ ಬಿಡಿ, ಟ್ರೇಲರಿನ ಹೊಟ್ಟೆ ನೋಡಿ

ಪ್ರಶ್ನೆ: ನಮ್ಮೂರು ಸಾಗರದ ಕಡೆ. ಆರು ವರ್ಷದಿಂದ ಕ್ಯಾಲ್ಗರಿಯಲ್ಲಿದ್ದೇವೆ. ಬೇಸಿಗೆಯಲ್ಲಿ ಟೆಂಟ್ ಹಾಕಿ ರೂಢಿಯಿದೆ. ಈ ಸಲ ಚಳಿಗಾಲದಲ್ಲೂ ಬ್ಯಾನ್ಫ್ ಕಡೆ ಹೋಗಿ ಎರಡು ಮೂರು ರಾತ್ರಿ ಇದ್ದು ಬರುವ ಆಸೆ. ಅದಕ್ಕೆಂದು ಚಿಕ್ಕದೊಂದು ಫಿಫ್ತ್ ವೀಲ್ ಟ್ರೇಲರ್ ನೋಡಿಟ್ಟಿದ್ದೇವೆ. 26 ಅಡಿ ಉದ್ದ, ಖಾಲಿ ತೂಕ 6,300 ಪೌಂಡ್, ನಿಲ್ಲಿಸಿದಾಗ ಕೋಣೆ ಅಗಲವಾಗಲೆಂದು ಪಕ್ಕಕ್ಕೆ ಚಾಚುವ ಎರಡು ಸ್ಲೈಡ್‌ಔಟ್. ಮೈಮೇಲೆ ‘ಫೋರ್ ಸೀಸನ್’ ಎಂದು ಬರೆದಿದೆ, ‘ಸೊನ್ನೆ ಡಿಗ್ರಿಯಲ್ಲಿ ಪರೀಕ್ಷಿಸಿದ್ದು’ ಎಂದೂ ಇದೆ. ನನ್ನದು ಹಾಫ್ ಟನ್ ಎಂದು ಕರೆಯುವ ಹಗುರ ವರ್ಗದ ಪಿಕಪ್, ಹಿಂದಿನ ಬಾಕ್ಸ್ ಐದೂವರೆ ಅಡಿ, ಬಾಗಿಲ ಸ್ಟಿಕರಿನಲ್ಲಿ 1,620 ಪೌಂಡ್ ಎಂದಿದೆ. ಗಾಡಿ 11,000 ಪೌಂಡ್ ಎಳೆಯುತ್ತದೆ, ಚಿಂತೆ ಬೇಡ ಎಂದು ಮಾರುವವರು ಹೇಳಿದರು. ಹಿಮದ ರಸ್ತೆಗೆ ಫಿಫ್ತ್ ವೀಲೇ ಸುರಕ್ಷಿತ ಎಂದು ಒಬ್ಬ ಸ್ನೇಹಿತ ಹೇಳುತ್ತಾನೆ; ರಾತ್ರಿ ಎಲೆಕ್ಟ್ರಿಕ್ ಹೀಟರ್ ಇಟ್ಟುಕೊಂಡರೆ ಪ್ರೊಪೇನ್ ಉಳಿಯುತ್ತದೆ ಎಂದು ಇನ್ನೊಬ್ಬ. ನಾವಿಬ್ಬರು, ಹನ್ನೆರಡು ಮತ್ತು ಎಂಟು ವರ್ಷದ ಮಕ್ಕಳು, ಜೊತೆಗೆ ಡಿಸೆಂಬರಿಗೆ ಊರಿಂದ ಬರುವ ಅಮ್ಮ. ಅಮ್ಮನದು ಒಂದೇ ಪ್ರಶ್ನೆ: ‘ಅಲ್ಲಿ ಕುಕ್ಕರ್ ಇಡಬಹುದೇನೋ?’ ತಗೊಳ್ಳಲಾ, ಬೇಡವಾ?

ಉತ್ತರ: ಗೋಡೆ ಎಷ್ಟು ದಪ್ಪ, ಬಿಸಿಗಾಳಿ ಊದುವ ಪ್ರೊಪೇನ್ ಫರ್ನೇಸ್ ಎಷ್ಟು ದೊಡ್ಡದು ಎಂಬುದಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನೀವು ಬರೆದ 1,620 ಎಂಬ ಸಂಖ್ಯೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಆಲ್ಬರ್ಟಾದಲ್ಲಿ ಹದಿನೆಂಟು ವರ್ಷದಿಂದ ಟ್ರೇಲರ್ ರಿಪೇರಿ ಮಾಡಿಕೊಂಡಿದ್ದೇನೆ. ಚಳಿಗಾಲದಲ್ಲಿ ನನ್ನ ಶೆಡ್ಡಿಗೆ ಬರುವ ಗಾಡಿಗಳಲ್ಲಿ ಗೋಡೆ ತೆಳುವೆಂದು ಬಂದದ್ದು ಒಂದೂ ನೆನಪಿಲ್ಲ. ಒಡೆದ ನಲ್ಲಿ, ಸೀಳಿದ ಪಂಪು, ಕುಸಿದ ಸಸ್ಪೆನ್ಷನ್, ಇವೇ ಬರುತ್ತವೆ.

ಹೊಸಬರಿಗಾಗಿ ಒಂದು ಮಾತು. ಫಿಫ್ತ್ ವೀಲ್ ಎಂದರೆ ಪಿಕಪ್ಪಿನ ಹಿಂದೆ ಬಂಪರಿಗೆ ಸಿಕ್ಕಿಸುವ ಟ್ರೇಲರ್ ಅಲ್ಲ. ಅದರ ಮೂಗು ಬಾಕ್ಸಿನ ಮೇಲೆ ಚಾಚಿಕೊಂಡು, ಕಿಂಗ್‌ಪಿನ್ ಎಂಬ ದಪ್ಪ ಕಬ್ಬಿಣದ ಗೂಟ ಬಾಕ್ಸಿನೊಳಗಿನ ಹಿಚ್ಚಿನಲ್ಲಿ ಕೂರುತ್ತದೆ. ಹೆಸರು ಕುದುರೆಗಾಡಿ ಕಾಲದ್ದು. ಮುಂದಿನ ಅಚ್ಚು ತಿರುಗಲೆಂದು ಅಡ್ಡಲಾಗಿ ಮಲಗಿಸಿದ್ದ ಐದನೇ ಚಕ್ರ. ಭಾರ ಹಿಂದಿನ ಅಚ್ಚಿನ ನೇರಕ್ಕೆ ಬೀಳುವುದರಿಂದ ಟ್ರೇಲರ್ ಬಾಲದಂತೆ ಓಲಾಡುವುದು ಕಡಿಮೆ. ನಿಮ್ಮ ಸ್ನೇಹಿತ ಹೇಳಿದ್ದರಲ್ಲಿ ಅಷ್ಟು ಮಟ್ಟಿಗೆ ನಿಜವಿದೆ. ಪಿಂಚರ್ ಕ್ರೀಕ್ ಕಡೆಯ ಗಾಳಿಯಲ್ಲಿ ಎರಡೂ ಬಗೆಯವನ್ನು ಎಳೆದಿದ್ದೇನೆ, ವ್ಯತ್ಯಾಸ ಸ್ಟೀರಿಂಗಿನಲ್ಲೇ ಗೊತ್ತಾಗುತ್ತದೆ. ಆದರೆ ಮಂಜುಗಡ್ಡೆ ಕಟ್ಟಿದ ಇಳಿಜಾರಿನಲ್ಲಿ ಪಿಕಪ್ಪಿನ ಹಿಂಗಾಲಿ ಜಾರಿತೆಂದರೆ ಫಿಫ್ತ್ ವೀಲ್ ಕೂಡ ಮಡಚಿಕೊಂಡು ಬರುತ್ತದೆ. ಓಲಾಟ ಬೇರೆ, ಜಾರುವಿಕೆ ಬೇರೆ. ಜಾರದಂತೆ ತಡೆಯುವುದು ಚಳಿಗಾಲದ ಟೈರು, ನಿಧಾನ ಮತ್ತು ಟ್ರೇಲರ್ ಬ್ರೇಕಿನ ಜೋರು ತಗ್ಗಿಸಿಕೊಳ್ಳುವುದು. ಬೇಸಿಗೆಯ ಸೆಟ್ಟಿಂಗಿನಲ್ಲೇ ಬಿಟ್ಟರೆ ಮಂಜಿನ ಮೇಲೆ ಟ್ರೇಲರ್ ಚಕ್ರ ತಿರುಗದೆ ಬಿಗಿದುಕೊಂಡು ಅಡ್ಡ ಸರಿಯುತ್ತದೆ. ಮುಂದೆ ಎಂದಾದರೂ ಬ್ರಿಟಿಷ್ ಕೊಲಂಬಿಯಾ ಕಡೆ ಇಳಿಯುವುದಾದರೆ, ಅಲ್ಲಿನ ಬೆಟ್ಟದ ರಸ್ತೆಗಳಲ್ಲಿ ಅಕ್ಟೋಬರ್ 1ರಿಂದಲೇ ಚಳಿಗಾಲದ ಟೈರು ಕಡ್ಡಾಯ.

ಈಗ 1,620. ಬಾಗಿಲ ಕಂಬದ ಹಳದಿ ಸ್ಟಿಕರಿನಲ್ಲಿ ಬರೆದಿರುವುದು ಪೇಲೋಡ್, ಅಂದರೆ ನಿಮ್ಮ ಪಿಕಪ್ ಬೆನ್ನ ಮೇಲೆ ಹೊರಬಲ್ಲ ಒಟ್ಟು ಭಾರ: ಡ್ರೈವರ್ ಸೇರಿ ಜನ, ಸಾಮಾನು, ಟ್ರೇಲರಿನ ಮೂಗಿನ ಭಾರ, ಎಲ್ಲ ಇದರೊಳಗೇ. ಮಾರುವವರು ಹೇಳಿದ 11,000 ಎಳೆಯುವ ಲೆಕ್ಕ. ಎಳೆಯುವುದು ಬೇರೆ, ಹೊರುವುದು ಬೇರೆ. ಎತ್ತು ಎರಡು ಟನ್ ಗಾಡಿ ಎಳೆದೀತು. ಅದರ ಬೆನ್ನ ಮೇಲೆ ಎಷ್ಟು ಮೂಟೆ ಹೇರುತ್ತೀರಿ?

ಫಿಫ್ತ್ ವೀಲ್ ತನ್ನ ತೂಕದ ಐದನೇ ಒಂದು ಪಾಲನ್ನು, ಹೆಚ್ಚು ಕಡಿಮೆ ಶೇಕಡಾ 15ರಿಂದ 25, ಪಿಕಪ್ಪಿನ ಬೆನ್ನಿಗೆ ಹೇರುತ್ತದೆ. ಬ್ರೋಷರಿನ 6,300 ಖಾಲಿ ಡಬ್ಬಿಯ ತೂಕ. ಎರಡು ಸಿಲಿಂಡರ್, ಬ್ಯಾಟರಿ, ಹಾಸಿಗೆ, ಪಾತ್ರೆ, ಅಕ್ಕಿ ಬೇಳೆ, ಸ್ಕೀ, ಸಲಿಕೆ, ಸ್ವಲ್ಪ ನೀರು ಸೇರಿದರೆ 7,500 ಎಂದಿಟ್ಟುಕೊಳ್ಳಿ. ಅದರ ಶೇಕಡಾ 20, 1,500. ಐದೂವರೆ ಅಡಿ ಬಾಕ್ಸಿಗೆ ಮಾಮೂಲಿ ಹಿಚ್ ಸಾಲದು, ತಿರುವಿನಲ್ಲಿ ಟ್ರೇಲರಿನ ಮೂಗು ಕ್ಯಾಬಿನ್ ಗಾಜಿಗೇ ಬಂದು ಬಡಿಯಬಹುದು. ಹಿಂದಕ್ಕೆ ಸರಿಯುವ ಸ್ಲೈಡರ್ ಹಿಚ್ ಬೇಕು, ಅದೇ 220 ಪೌಂಡ್ ತೂಗುತ್ತದೆ. ಚಳಿಗಾಲದ ಬಟ್ಟೆ, ಬೂಟು ಸಮೇತ ನೀವು ಐವರು 600. ಕೂಡಿದರೆ 2,320. ಹೊರಬಹುದಾದದ್ದು 1,620. ಏಳುನೂರು ಪೌಂಡ್ ಜಾಸ್ತಿ, ಅದೂ ಬಾಕ್ಸಿನಲ್ಲಿ ಒಂದು ಚೀಲವನ್ನೂ ಇಡದೆ. ಇನ್ನೊಂದು ವಿಷಯ. ಬಹಳಷ್ಟು ಫಿಫ್ತ್ ವೀಲುಗಳಲ್ಲಿ ಸಿಲಿಂಡರ್, ಬ್ಯಾಟರಿ, ದೊಡ್ಡ ಸಾಮಾನಿನ ಗೂಡು ಎಲ್ಲ ಮೂಗಿನ ಕೆಳಗೇ ಇರುತ್ತವೆ. ಚಳಿಗಾಲಕ್ಕೆಂದು ನೀವು ಸೇರಿಸುವ ಪ್ರತಿ ಸಾಮಾನೂ ಪಿನ್ನಿನ ಮೇಲೆ ಕೂರುತ್ತದೆ, ಟ್ರೇಲರಿನ ಚಕ್ರದ ಮೇಲಲ್ಲ.

‘ಹಾಫ್ ಟನ್ ಎಳೆಯುತ್ತದೆ’ ಎಂಬ ಮಾತು ಸುಳ್ಳಲ್ಲ. ಬರೀ ಡ್ರೈವರ್ ಒಬ್ಬನೇ ಕೂತು, ಖಾಲಿ ಟ್ರೇಲರ್ ಎಳೆದರೆ ಎಳೆಯುತ್ತದೆ. ಹಾಗೆ ಕ್ಯಾಂಪಿಂಗ್‌ಗೆ ಹೋದವರನ್ನು ನಾನು ಕಂಡಿಲ್ಲ. ಜಾಸ್ತಿ ಭಾರ ಹೇರಿದ ಪಿಕಪ್ಪಿನ ಹಿಂಭಾಗ ಕುಗ್ಗಿ ಮುಂದಿನ ಚಕ್ರ ಹಗುರಾಗುತ್ತದೆ. ಸ್ಟೀರಿಂಗ್ ಹಿಡಿತವಿರುವುದು ಆ ಮುಂದಿನ ಚಕ್ರದಲ್ಲೇ. ಬೇಸಿಗೆಯ ಒಣ ರಸ್ತೆಯಲ್ಲಿ ಗೊತ್ತಾಗದ ತಪ್ಪು ಜನವರಿಯಲ್ಲಿ ಗೊತ್ತಾಗುತ್ತದೆ.

ಇನ್ನು ಆ ಹಣೆಪಟ್ಟಿ. ‘ಫೋರ್ ಸೀಸನ್’ ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದು ಅಳತೆಗೋಲಿಲ್ಲ. ಒಬ್ಬರು ತಳಕ್ಕೆ ಪ್ಲಾಸ್ಟಿಕ್ ಹಾಳೆ ಬಡಿದು ಹಾಗೆ ಬರೆಯುತ್ತಾರೆ, ಇನ್ನೊಬ್ಬರು ನಿಜಕ್ಕೂ ಬಿಸಿಗಾಳಿಯ ಕೊಳವೆ ಎಳೆದು, ಡಬಲ್ ಗಾಜು ಹಾಕಿ ಬರೆಯುತ್ತಾರೆ. ಅಕ್ಷರ ಎರಡರ ಮೇಲೂ ಅದೇ. ‘ಸೊನ್ನೆ ಡಿಗ್ರಿ’ ಎಂಬುದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸುಮಾರು ಮೈನಸ್ 18. ಕೇಳಲು ಚೆನ್ನಾಗಿದೆ, ಆದರೆ ಬ್ಯಾನ್ಫಿನಲ್ಲಿ ಚಳಿ ಅಪ್ಪಳಿಸಿದ ರಾತ್ರಿ ಮೈನಸ್ 30 ಆಗುವುದುಂಟು. ಮೇಲಾಗಿ ಮುಚ್ಚಿದ ಕೋಣೆಯಲ್ಲಿ ನಿಲ್ಲಿಸಿ, ಫರ್ನೇಸ್ ಹಚ್ಚಿ ಪರೀಕ್ಷೆ ಮಾಡುವಾಗ ಬೀಸುಗಾಳಿ ಇರುವುದಿಲ್ಲ, ಐದು ನಿಮಿಷಕ್ಕೊಮ್ಮೆ ಬಾಗಿಲು ತೆಗೆಯುವ ಎಂಟು ವರ್ಷದ ಹುಡುಗನೂ ಇರುವುದಿಲ್ಲ.

ನೆಲಕ್ಕೆ ಆರ್-38 ನಿರೋಧ ಎಂದು ಬರೆದದ್ದು ಕಂಡರೆ ತುಸು ನಗಿ (ಆರ್ ಎಂದರೆ ಶಾಖ ಸೋರದಂತೆ ತಡೆಯುವ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು). ಹೆಚ್ಚಿನವರು ಅಲ್ಲಿ ಹಾಕಿರುವುದು ಹೊಳೆಯುವ ತಗಡಿನಂಥ ಹಾಳೆ. ಅದರ ಮುಂದೆ ಖಾಲಿ ಗಾಳಿಯ ಅಂತರ ಇದ್ದರೆ ಮಾತ್ರ ಅದು ಶಾಖವನ್ನು ಹಿಂದಕ್ಕೆ ಕಳಿಸುತ್ತದೆ. ಕಬ್ಬಿಣಕ್ಕೂ ಟ್ಯಾಂಕಿಗೂ ಅಂಟಿಕೊಂಡು ಕೂತರೆ ಹೆಚ್ಚು ಪ್ರಯೋಜನವಿಲ್ಲ. ಎರಡು ಇಂಚಿನ ಫೋಮ್ ಗೋಡೆ ನಿಜವಾಗಿ ಕೊಡುವುದು ಆರ್-7, ಆರ್-8ರ ಆಸುಪಾಸು. ಕ್ಯಾಲ್ಗರಿಯ ನಿಮ್ಮ ಮನೆಯ ಗೋಡೆ ಆರ್-20ರ ಹತ್ತಿರ ಇದ್ದೀತು. ಅಂದರೆ ಎಷ್ಟೇ ಒಳ್ಳೆಯ ಟ್ರೇಲರ್ ಆದರೂ ಶಾಖವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಸೋರಿದಷ್ಟನ್ನೂ ಫರ್ನೇಸ್ ತುಂಬುತ್ತಾ ಇರುತ್ತದೆ. ಹಾಗಾಗಿ ಒಳಗೆ ಬೆಚ್ಚಗಿರುವುದು ದೊಡ್ಡ ಸಮಸ್ಯೆಯಲ್ಲ, ಪ್ರೊಪೇನ್ ಸುಟ್ಟರೆ ಯಾವ ಡಬ್ಬಿಯೂ ಬೆಚ್ಚಗಾಗುತ್ತದೆ. ಹೆಪ್ಪುಗಟ್ಟುವುದು ನೆಲದ ಕೆಳಗಿರುವ ನೀರು.

ಇಲ್ಲಿಗೆ ನಿಮ್ಮ ಎರಡನೇ ಸ್ನೇಹಿತನ ಸಲಹೆ ಬರುತ್ತದೆ. ಒಂದು ಕುಟುಂಬ, ನಿಮ್ಮ ಹಾಗೆಯೇ ಮಕ್ಕಳೊಂದಿಗರು, ಮಾರ್ಚಿನಲ್ಲಿ ಗಾಡಿ ತಂದು ನಿಲ್ಲಿಸಿದರು. ರಾತ್ರಿಯೆಲ್ಲ ಎಲೆಕ್ಟ್ರಿಕ್ ಹೀಟರ್ ಹಚ್ಚಿದ್ದರಂತೆ, ಒಳಗೆ 21 ಡಿಗ್ರಿ, ಮಕ್ಕಳು ಹೊದಿಕೆ ಒದ್ದು ಮಲಗಿದ್ದರಂತೆ. ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ. ಮನೆಗೆ ಬಂದು ಬಿಸಿಲಿಗೆ ನಿಲ್ಲಿಸಿದ ಮೇಲೆ ಸಿಂಕಿನ ಕೆಳಗಿಂದ ನೀರು ಹರಿದು ಬಂತು. ಆಗಿದ್ದು ಇಷ್ಟೇ: ಹೀಟರ್ ಒಳಗನ್ನು ಬೆಚ್ಚಗಿಟ್ಟಿತು, ಥರ್ಮೋಸ್ಟಾಟ್ ತೃಪ್ತಿಯಾಗಿ ಫರ್ನೇಸನ್ನು ಏಳಿಸಲೇ ಇಲ್ಲ. ನೆಲದ ಕೆಳಗಿನ ಕೊಳವೆ, ಟ್ಯಾಂಕುಗಳಿಗೆ ಬಿಸಿಗಾಳಿ ಹೋಗುವುದು ಫರ್ನೇಸ್ ಓಡಿದಾಗ ಮಾತ್ರ. ಮೇಲೆ ಬೇಸಿಗೆ, ಕೆಳಗೆ ಜನವರಿ. ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಕೊಳವೆ ಹಿಗ್ಗಿ ತಾಳಿಕೊಂಡಿತ್ತು. ಒಡೆದದ್ದು ಅದರ ತಿರುವಿನ ಪ್ಲಾಸ್ಟಿಕ್ ಜೋಡಣೆ, ಪಂಪಿನ ತಲೆ, ಟಾಯ್ಲೆಟ್ಟಿನ ವಾಲ್ವ್. ಉಳಿದ ಪ್ರೊಪೇನಿನ ದುಡ್ಡು ನನ್ನ ಬಿಲ್ಲಿನ ಕಾಲು ಭಾಗವೂ ಆಗಲಿಲ್ಲ. ಹೀಟರ್ ಬೇಡವೆನ್ನುವುದಿಲ್ಲ. 1,500 ವಾಟಿನದು ಗಂಟೆಗೆ ಸುಮಾರು 5,100 ಬಿಟಿಯು (ಶಾಖದ ಅಳತೆ) ಕೊಡುತ್ತದೆ, ಅದನ್ನು ಫರ್ನೇಸಿನ ಸಹಾಯಕ್ಕೆ ಇಡಿ, ಬದಲಿಗೆ ಇಡಬೇಡಿ.

ಆದ್ದರಿಂದ ಗಾಡಿ ನೋಡಲು ಹೋದಾಗ ಸೋಫಾದ ಮೇಲೆ ಕೂರುವ ಮೊದಲು ಒಂದು ಹಳೇ ಚಾಪೆ ಹಾಸಿ ಟ್ರೇಲರಿನ ಕೆಳಗೆ ಅಂಗಾತ ಮಲಗಿ. ಟಾರ್ಚ್ ಹಿಡಿದು, ಕೊಳಕು ನೀರಿನ ಟ್ಯಾಂಕು ಖಾಲಿ ಮಾಡುವ ಡಂಪ್ ವಾಲ್ವುಗಳನ್ನು ಹುಡುಕಿ. ಅವು ಗಾಳಿಗೆ ತೂಗಾಡುತ್ತಿದ್ದರೆ ಟ್ಯಾಂಕು ಎಷ್ಟೇ ಬೆಚ್ಚಗಿದ್ದರೂ ಉಪಯೋಗವಿಲ್ಲ, ಮೊದಲು ಹೆಪ್ಪುಗಟ್ಟುವುದು ಆ ಗೇಟು. ಪ್ಲಾಸ್ಟಿಕ್ ತಳದ ಒಂದು ಮೂಲೆಯ ತಿರುಪು ಬಿಚ್ಚಿ ಒಳಗೆ ನೋಡಲು ಬಿಡುತ್ತಾರಾ ಕೇಳಿ. ಫರ್ನೇಸಿನಿಂದ ಟ್ಯಾಂಕಿನವರೆಗೆ ಒಂದು ಪ್ರತ್ಯೇಕ ಕೊಳವೆ ಬಂದಿದೆಯಾ, ಇಲ್ಲ ನೆಲದ ಸಂದಿಯಿಂದ ಇಳಿಯುವ ಶಾಖವನ್ನೇ ‘ಹೀಟೆಡ್’ ಎಂದು ಕರೆದಿದ್ದಾರಾ, ಅಲ್ಲೇ ಗೊತ್ತಾಗುತ್ತದೆ. ನಾನಂತೂ ಅರ್ಧ ಗಂಟೆ ಫರ್ನೇಸ್ ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ಟ್ಯಾಂಕಿನ ಪಕ್ಕಕ್ಕೆ ಹಿಡಿಯುತ್ತೇನೆ. ಹೊರಗಿಗಿಂತ ಹತ್ತು ಹನ್ನೆರಡು ಡಿಗ್ರಿಯಾದರೂ ಹೆಚ್ಚಿರದಿದ್ದರೆ ಆ ಹಣೆಪಟ್ಟಿಯನ್ನು ಮರೆತುಬಿಡಿ.

ಆಮೇಲೆ ಮೂಗಿನ ಮಲಗುವ ಕೋಣೆ. ಫಿಫ್ತ್ ವೀಲಿನ ಚಂದವೂ ಅದೇ, ಕಷ್ಟವೂ ಅದೇ. ಹಾಸಿಗೆಯ ಹಲಗೆಯ ಕೆಳಗೆ ಇರುವುದು ಬರೀ ಗಾಳಿ ಬೀಸುವ ಬಯಲು. ಮೇಲಿಂದ ಮೈಬಿಸಿ ಮತ್ತು ಉಸಿರಿನ ತೇವ, ಕೆಳಗಿಂದ ತಣ್ಣನೆ ಹಲಗೆ. ನಡುವೆ ಹಾಸಿಗೆಯ ಅಡಿಭಾಗ ಬೆಳಗಾಗುವಷ್ಟರಲ್ಲಿ ಒದ್ದೆ. ಹಳೇ ಗಾಡಿಯಾದರೆ ಹಾಸಿಗೆ ಎತ್ತಿ ಮೂಸಿ ನೋಡಿ. ಬೂಷ್ಟಿನ ವಾಸನೆ ಬಂದರೆ ಮಾಲೀಕರು ಹೇಳದ ಕಥೆಯನ್ನು ಅದು ಹೇಳುತ್ತದೆ. ಕೊಳ್ಳುವುದಾದರೆ ಹಾಸಿಗೆಯ ಕೆಳಗೆ ಗಾಳಿಯಾಡುವ ಜಾಲರಿ ಚಾಪೆ ಹಾಕಿಸಿ. ಚಿಕ್ಕ ಮಾದರಿಗಳಲ್ಲಿ ಅಲ್ಲಿ ನೆಟ್ಟಗೆ ನಿಲ್ಲುವಷ್ಟು ಎತ್ತರವೂ ಇರುವುದಿಲ್ಲ, ಮೆಟ್ಟಿಲು ಹತ್ತಿ ಬಗ್ಗಿಕೊಂಡೇ ಹೋಗಬೇಕು. ಅಮ್ಮ ಮಲಗುವುದೆಲ್ಲಿ ಎಂಬುದನ್ನು ಈಗಲೇ ಯೋಚಿಸಿ.

ಎರಡು ಸ್ಲೈಡ್‌ಔಟ್ ಎಂದಿರಿ. ನನಗೆ ಒಂದೂ ಇಲ್ಲದಿದ್ದರೆ ಸಂತೋಷ. ಹೊರಚಾಚಿದ ಪೆಟ್ಟಿಗೆಯ ನೆಲ ತೆಳು, ಸುತ್ತ ರಬ್ಬರ್ ಪಟ್ಟಿಯಲ್ಲಿ ಗಾಳಿ ಸೋರುತ್ತದೆ, ತಲೆಯ ಮೇಲೆ ಹಿಮ ಕೂತು ಗಟ್ಟಿಯಾಗುತ್ತದೆ. ಏಣಿ ಹತ್ತಿ ಅದನ್ನು ತೆಗೆಯದೆ ಒಳಗೆಳೆದರೆ ಮೋಟರ್ ಹೋಗುತ್ತದೆ, ಇಲ್ಲವೇ ಹಿಮ ಒಳಗೆ ಬಂದು ಕರಗುತ್ತದೆ.

ಪ್ರೊಪೇನ್ ಲೆಕ್ಕವನ್ನೂ ಹಾಕಿಬಿಡೋಣ. 30 ಪೌಂಡ್ ಸಿಲಿಂಡರಿನಲ್ಲಿ ಸುಮಾರು 6,48,000 ಬಿಟಿಯು. ಗಂಟೆಗೆ 30,000 ಸುಡುವ ಫರ್ನೇಸ್ ಅರ್ಧ ಹೊತ್ತು ಓಡಿದರೆ ಒಂದು ಸಿಲಿಂಡರ್ 43 ಗಂಟೆ, ಅಂದರೆ ಎರಡು ದಿನಕ್ಕೂ ಕಡಿಮೆ. ಕಡುಚಳಿಯಲ್ಲಿ ಫರ್ನೇಸ್ ಮುಕ್ಕಾಲು ಹೊತ್ತು ಓಡುತ್ತದೆ, ಆಗ ಇನ್ನೂ ಬೇಗ ಖಾಲಿ. ಪ್ರೊಪೇನ್ ಅನಿಲವಾಗುವುದು ಮೈನಸ್ 42ರವರೆಗೆ ಎಂದು ಪುಸ್ತಕ ಹೇಳುತ್ತದೆ, ಆದರೆ ಅದಕ್ಕೆ ಬಹಳ ಮೊದಲೇ ಒತ್ತಡ ಕುಸಿದು ಫರ್ನೇಸ್ ಮಿಣಮಿಣ ಎನ್ನುತ್ತದೆ. ಅರ್ಧಕ್ಕಿಂತ ಕಡಿಮೆ ಇರುವ ಸಿಲಿಂಡರ್ ಇಟ್ಟುಕೊಂಡು ರಾತ್ರಿ ಮಲಗಬೇಡಿ. ಬ್ಯಾಟರಿಯದೂ ಅದೇ ಕಥೆ: ಫರ್ನೇಸಿನ ಫ್ಯಾನ್ 8 ಆಂಪ್ ಎಳೆದರೆ, ಹದಿನಾಲ್ಕು ಗಂಟೆಯ ಕತ್ತಲಲ್ಲಿ ಅರ್ಧ ಹೊತ್ತು ಓಡಿದರೂ 56 ಆಂಪ್-ಅವರ್. 100ರ ಹಳೇ ಲೆಡ್ ಬ್ಯಾಟರಿಯಿಂದ ನೆಮ್ಮದಿಯಾಗಿ ತೆಗೆಯಬಹುದಾದದ್ದು 50, ಚಳಿಯಲ್ಲಿ ಅದೂ ಇಲ್ಲ. ಲಿಥಿಯಂ ಹಾಕಿಸಿದರೆ ಅದು ಬೆಚ್ಚನೆಯ ಗೂಡಿನಲ್ಲಿರಲಿ. ಸೊನ್ನೆ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತದೆ. ಕರೆಂಟ್ ಇರುವ ಜಾಗಕ್ಕೇ ಹೋಗುವುದಾದರೆ ಈ ತಲೆನೋವು ಅರ್ಧ ಕಡಿಮೆ. ಬ್ಯಾನ್ಫಿನ ಟನಲ್ ಮೌಂಟನ್ ವಿಲೇಜ್ 2 ಎಂಬ ಕ್ಯಾಂಪಿನ ಜಾಗ ಚಳಿಗಾಲದಲ್ಲೂ ತೆರೆದಿರುತ್ತದೆ, ಕರೆಂಟ್ ಸಿಗುತ್ತದೆ. ಹಿಂದಿನ ದಿನ ಅದರ ಸ್ಥಿತಿ ಒಮ್ಮೆ ನೋಡಿಕೊಂಡು ಹೊರಡಿ.

ಹಾಗಾದರೆ ಏನು ಮಾಡುವುದು?

ಫಿಫ್ತ್ ವೀಲೇ ಬೇಕು, ಪಿಕಪ್ ಇದೇ ಇರಲಿ ಎಂದರೆ ಉಳಿಯುವುದು ಫೈಬರ್‌ಗ್ಲಾಸ್ ಅಚ್ಚಿನ ಪುಟ್ಟ ಗಾಡಿಗಳು. ಬ್ರಿಟಿಷ್ ಕೊಲಂಬಿಯಾದ ಚಿಲಿವಾಕ್‌ನ ಎಸ್ಕೇಪ್ 5.0, ಮಿನೆಸೋಟಾದ ಬ್ಯಾಕಸ್‌ನ ಸ್ಕ್ಯಾಂಪ್ 19 ಇಂಥವು. ಎರಡು ಚಿಪ್ಪು ಕೂಡಿಸಿದಂತೆ ಇರುವುದರಿಂದ ಸೋರುವ ಸಂದಿ ಕಡಿಮೆ, ಸ್ಲೈಡ್‌ಔಟ್ ಇಲ್ಲ, ಹಗುರ. ಬಳಸಿದ್ದನ್ನು ಕೊಳ್ಳುವಾಗ ಡಬಲ್ ಗಾಜು, ತಳಕ್ಕೆ ಫೋಮ್ ಹಾಕಿಸಿದ್ದೇ ಹುಡುಕಿ. ಹಾಕಿಸದಿದ್ದರೆ ಟ್ಯಾಂಕುಗಳು ಬತ್ತಲೆ. ಪಿನ್ ಭಾರ 800 ಎಂದಿಟ್ಟು, 150ರ ಹಗುರ ಹಿಚ್ ಹಾಕಿ, ನೀವು 600 ಸೇರಿದರೆ 1,550. ಎಪ್ಪತ್ತು ಪೌಂಡ್ ಉಳಿಯಿತು. ಆದರೆ ಚಿಕ್ಕ ಬಾಕ್ಸಿನಲ್ಲಿ ಪೂರ್ತಿ ತಿರುವು ತಗೊಂಡು, ಕ್ಯಾಬಿನ್ನಿಗೆ ತಾಗುತ್ತದಾ ಎಂದು ನೋಡದೆ ಮುಂಗಡ ಕೊಡಬೇಡಿ. ಮತ್ತೆ, ಐದು ಜನ ಅದರಲ್ಲಿ ಮಲಗುವುದು ನಮ್ಮೂರ ಮದುವೆ ಮನೆಯ ಜಗಲಿಯಲ್ಲಿ ಮಲಗಿದಂತೆಯೇ.

ನಿಜವಾದ ಚಳಿಗಾಲದ ಫಿಫ್ತ್ ವೀಲ್ ಬೇಕೆಂದರೆ ಆರೆಗಾನ್‌ನ ಲಾ ಗ್ರ್ಯಾಂಡ್‌ನಲ್ಲಿ ನಾರ್ತ್‌ವುಡ್ ಕಂಪನಿ ಮಾಡುವ ಆರ್ಕ್ಟಿಕ್ ಫಾಕ್ಸ್ ಥರದ್ದು. ಚೌಕಟ್ಟು ಗಟ್ಟಿ, ತಳದ ಕೆಲಸವೂ ಗಟ್ಟಿ, ತೂಕವೂ ಹಾಗೇ. ಸಾಮಾನು ತುಂಬಿದರೆ 10,000 ಪೌಂಡನ್ನು ಸುಲಭವಾಗಿ ದಾಟುತ್ತದೆ. ಅದಕ್ಕೆ ಮುಕ್ಕಾಲು ಟನ್ನೋ ಒಂದು ಟನ್ನೋ ಪಿಕಪ್ ಬೇಕು. ವರ್ಷಕ್ಕೆ ನಾಲ್ಕು ವಾರಾಂತ್ಯಕ್ಕಾಗಿ ಎರಡೂ ಗಾಡಿ ಬದಲಿಸುವುದು ನಿಮ್ಮ ಜೇಬಿನ ಮಾತು, ನಾನು ಹೇಳಲಾರೆ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಫಿಫ್ತ್ ವೀಲ್ ಆಸೆಯನ್ನೇ ಈಗ ಬದಿಗಿಡುತ್ತಿದ್ದೆ. ಬಂಪರಿಗೆ ಕಟ್ಟುವ, ತುಂಬಿದಾಗ 6,000 ಪೌಂಡ್ ಮೀರದ ಟ್ರೇಲರ್ ತನ್ನ ಮೂಗಿನ ಭಾರವಾಗಿ ಹೇರುವುದು ಶೇಕಡಾ 13ರಂತೆ 780. ತೂಕ ಹಂಚುವ ಹಿಚ್ 100, ನೀವು 600, ಒಟ್ಟು 1,480. ಗಾಳಿಯಲ್ಲಿ ಓಲಾಟ ಹೆಚ್ಚು, ಅದಕ್ಕೆ ಓಲಾಟ ತಡೆಯುವ ಹಿಚ್ಚನ್ನೇ ಕೊಳ್ಳಿ. ಗಾಳಿ ಜೋರಿದ್ದರೆ ಆ ದಿನ ಹೊರಡಬೇಡಿ. ಮುಖ್ಯವಾಗಿ ಟ್ರೇಲರಿನ ನೀರಿನ ವ್ಯವಸ್ಥೆಯನ್ನು ಅಕ್ಟೋಬರಿನಲ್ಲೇ ಖಾಲಿ ಮಾಡಿ, ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ತುಂಬಿ ಬಿಟ್ಟುಬಿಡಿ. ಕಾರಿನ ಹಸಿರು ಕೂಲಂಟ್ ಮಾತ್ರ ಬೇಡ, ಅದು ವಿಷ. ಕುಡಿಯಲು, ಅಡುಗೆಗೆ ಕ್ಯಾನಿನಲ್ಲಿ ನೀರು ಒಯ್ಯಿರಿ, ಸ್ನಾನ ಶೌಚಕ್ಕೆ ಕ್ಯಾಂಪಿನ ಬಿಸಿ ಮಾಡಿದ ಕೋಣೆಗೆ ಹೋಗಿ. ಕೊಳವೆಯಲ್ಲಿ ನೀರೇ ಇಲ್ಲವೆಂದರೆ ಹೆಪ್ಪುಗಟ್ಟುವುದೇನು? ಹೀಗೆ ಮಾಡಿದರೆ ‘ತ್ರೀ ಸೀಸನ್’ ಗಾಡಿಯೂ ಮೈನಸ್ 20ರಲ್ಲಿ ನಡೆಯುತ್ತದೆ. ಅಮ್ಮನನ್ನು ರಾತ್ರಿ ಹೊತ್ತು ಹಿಮದಲ್ಲಿ ಶೌಚಕ್ಕೆ ನಡೆಸಲಾಗದು ಎಂದರೆ ತೊಟ್ಟಿಯನ್ನು ಹೊರತೆಗೆದು ಖಾಲಿ ಮಾಡುವಂಥ ಒಂದು ಕ್ಯಾಸೆಟ್ ಟಾಯ್ಲೆಟ್ ತಗೊಳ್ಳಿ, ದುಬಾರಿಯಲ್ಲ. ಸಾಧ್ಯವಾದರೆ ಮೊದಲು ಒಂದನ್ನು ಬಾಡಿಗೆಗೆ ತಗೊಂಡು, ನಿಮ್ಮ ಮನೆ ಮುಂದೆಯೇ ನಿಲ್ಲಿಸಿ ಒಂದು ರಾತ್ರಿ ಮಲಗಿ ನೋಡಿ. ಆಗದಿದ್ದರೆ ಹತ್ತು ಹೆಜ್ಜೆಗೆ ಮನೆ.

ಇನ್ನು ಅಮ್ಮನ ಪ್ರಶ್ನೆ. ಕುಕ್ಕರ್ ಧಾರಾಳವಾಗಿ ಇಡಬಹುದು, ಆದರೆ ಮೇಲಿನ ಗಾಳಿಕಿಂಡಿ ಎರಡು ಬೆರಳಷ್ಟು ತೆಗೆದು, ಒಲೆಯ ಮೇಲಿನ ಫ್ಯಾನ್ ಹಾಕಿದ ಮೇಲೆ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಅದಕ್ಕೆ ಅನ್ನದ ಹಬೆ, ಸಾರಿನ ಕುದಿ, ಐದು ಜನರ ಉಸಿರು ಸೇರಿತೆಂದರೆ ಬೆಳಿಗ್ಗೆ ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಬೆರಳು ದಪ್ಪ ಮಂಜುಗಡ್ಡೆ. ಫರ್ನೇಸಿನ ಹೊಗೆ, ತೇವ ಹೊರಗೆ ಹೋಗುತ್ತವೆ, ಒಲೆಯದು ಒಳಗೇ ಉಳಿಯುತ್ತದೆ. ಹಾಗಾಗಿ ಒಲೆಯನ್ನು ಚಳಿ ಕಾಯಿಸಲು ಹಚ್ಚಲೇಬೇಡಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಹೊರಡುವ ಮುಂಚೆ ಅಲಾರಂ ಒತ್ತಿ ನೋಡಿ, ಹಿಮ ಬಿದ್ದ ರಾತ್ರಿ ಫರ್ನೇಸಿನ ಹೊಗೆಬಾಯಿ ಮುಚ್ಚಿಹೋಗಿಲ್ಲವೆಂದು ಮಲಗುವ ಮುಂಚೆ ಒಮ್ಮೆ ಹೊರಗೆ ಹೋಗಿ ನೋಡಿಬನ್ನಿ. ಹುರುಳಿ ಸಾರಾದರೆ ಮನೆಯಲ್ಲೇ ಮಾಡಿ ಡಬ್ಬಿಯಲ್ಲಿ ಒಯ್ಯಿರಿ. ಅದು ಕುದಿಯುವ ಹೊತ್ತಿಗೆ ಟ್ರೇಲರಿನ ಎಲ್ಲ ಕಿಟಕಿಯೂ ಬೆವರಿರುತ್ತದೆ.